ಸ್ವಂತ ಪ್ರಕಟಣೆಯಿಂದ ಪ್ರಕಾಶಕರ ಬಳಿಗೆ: ಬೆಂಗಳೂರಿನ ಕನ್ನಡ ಲೇಖಕರಿಗೊಂದು ಕೈಪಿಡಿ

ಸ್ವಂತ ಖರ್ಚಿನಲ್ಲಿ ಒಂದೆರಡು ಪುಸ್ತಕಗಳನ್ನು ಅಚ್ಚು ಹಾಕಿಸಿ, ಅವುಗಳನ್ನು ಸ್ನೇಹಿತರ ವಲಯದಲ್ಲಿ, ಸಭೆ ಸಮಾರಂಭಗಳಲ್ಲಿ ಮತ್ತು ಅಂತರ್ಜಾಲದಲ್ಲಿ ಮಾರಿ, ಮುಂದಿನ ಪುಸ್ತಕವನ್ನಾದರೂ ಒಬ್ಬ ಪ್ರಕಾಶಕರ ಮೂಲಕ ಹೊರತರಬೇಕೆಂದು ಯೋಚಿಸುತ್ತಿರುವ ಲೇಖಕರಿಗಾಗಿ ಈ ಬರಹ. ಬೆಂಗಳೂರಿನ ಪುಸ್ತಕ ವ್ಯವಹಾರವನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಾನೂನಿಗೆ ಸಂಬಂಧಿಸಿದ ಭಾಗ ಮಾತ್ರ ದೇಶದ ಎಲ್ಲ ಲೇಖಕರಿಗೂ ಒಂದೇ.

ಮೊದಲು ಒಂದು ಸಂಕೋಚವನ್ನು ಬದಿಗಿಡಬೇಕು. ಲೇಖಕರೇ ಪ್ರಕಾಶಕರಾಗುವುದನ್ನು ಕನ್ನಡ ಎಂದೂ ಕೀಳಾಗಿ ಕಂಡಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಇಂದು ಬೆಂಗಳೂರಿನಲ್ಲಿ ಹೊಸಬರು ಆಸೆಯಿಂದ ನೋಡುವ ಛಂದ ಪುಸ್ತಕವನ್ನು ಕಟ್ಟಿದವರು ಸ್ವತಃ ಕಥೆಗಾರರಾದ ವಸುಧೇಂದ್ರ. ಇಂತಹ ಪರಂಪರೆಯಿರುವಾಗ, ಪ್ರಕಾಶಕರ ಎದುರು ಕುಳಿತು ‘ಹಿಂದಿನದನ್ನು ನಾನೇ ಮಾಡಿಸಿದೆ, ಅಷ್ಟೇ’ ಎಂದು ದನಿ ತಗ್ಗಿಸುವ ಅಗತ್ಯವಿಲ್ಲ.

ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ದುಡಿಮೆಗೆ ಸಂಬಂಧಿಸಿದ್ದು. ಸ್ವಂತ ಪ್ರಕಟಣೆಯಲ್ಲಿ ಲೇಖಕರು ಬಂಡವಾಳ ಹೂಡುತ್ತಾರೆ, ಕಾಗದ ಆರಿಸುತ್ತಾರೆ, ಕರಡು ತಿದ್ದುತ್ತಾರೆ, ಅಂಗಡಿಗಳಿಗೆ ಕಟ್ಟುಗಳನ್ನು ಒಯ್ಯುತ್ತಾರೆ, ಬಾಕಿ ವಸೂಲಿಗೆ ಫೋನು ಮಾಡುತ್ತಾರೆ. ಇವುಗಳಲ್ಲಿ ಯಾವುದನ್ನು ಬೇರೆಯವರಿಗೆ ಒಪ್ಪಿಸಬೇಕು, ಪ್ರತಿಯಾಗಿ ಎಷ್ಟು ಲಾಭವನ್ನು ಮತ್ತು ಎಷ್ಟು ಅಧಿಕಾರವನ್ನು ಬಿಟ್ಟುಕೊಡಬಹುದು ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾದರೆ ಉಳಿದ ತೀರ್ಮಾನಗಳು ಹಗುರಾಗುತ್ತವೆ. ನಾನು ಕಂಡಂತೆ, ಪ್ರಕಾಶಕರನ್ನು ಹುಡುಕುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ: ಇಷ್ಟು ದಿನ ತಾವೇ ನಡೆಸಿದ ಪ್ರಕಾಶನದ ಲೆಕ್ಕ, ಹಕ್ಕು ಮತ್ತು ದಾಸ್ತಾನನ್ನು ಬಗೆಹರಿಸಿಕೊಂಡು, ಪ್ರಕಾಶಕರ ಕುರ್ಚಿಯಿಂದ ಎದ್ದು ಬರುವುದು. ಅದು ಆಗದೆ ಮುಂದೆ ಹೋದವರು ಒಪ್ಪಂದದ ಹೊತ್ತಿನಲ್ಲೋ ಮುಖಪುಟದ ಹೊತ್ತಿನಲ್ಲೋ ತೊಡಕಿಗೆ ಸಿಲುಕುತ್ತಾರೆ.

ಯಾವ ಪುಸ್ತಕವನ್ನು ಒಯ್ಯಬೇಕು?

ಈಗಾಗಲೇ ಅಚ್ಚಾಗಿರುವ ಪುಸ್ತಕವನ್ನೇ ಪ್ರಕಾಶಕರಿಗೆ ಕೊಟ್ಟರೆ ಅದು ಇನ್ನಷ್ಟು ಓದುಗರನ್ನು ತಲುಪೀತೆಂದು ಅನೇಕರು ಭಾವಿಸುತ್ತಾರೆ. ಇದು ಬಹುಮಟ್ಟಿಗೆ ಫಲಿಸುವುದಿಲ್ಲ. ಮತ್ತು ಫಲಿಸದಿರುವುದಕ್ಕೂ ಪುಸ್ತಕದ ಗುಣಕ್ಕೂ ಸಂಬಂಧವಿರಬೇಕಾಗಿಲ್ಲ. ಕನ್ನಡ ಪ್ರಕಾಶಕರ ಆದಾಯದಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ದೊಡ್ಡ ಪಾಲಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಅನ್ವಯ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೆ ಕಟ್ಟುವ ಶೇ. 6ರ ಗ್ರಂಥಾಲಯ ಕರವೇ ಗ್ರಂಥಾಲಯ ವ್ಯವಸ್ಥೆಯ ಮುಖ್ಯ ಹಣಮೂಲಗಳಲ್ಲಿ ಒಂದು. ಈ ಖರೀದಿಗಾಗಿ ಇಲಾಖೆಯು ಪ್ರಕಟಣೆ ಹೊರಡಿಸಿ ಆಹ್ವಾನಿಸುವುದು ಆಯಾ ವರ್ಷದಲ್ಲಿ ಪ್ರಥಮ ಮುದ್ರಣ ಕಂಡ ಪುಸ್ತಕಗಳನ್ನು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ವರ್ಷದ ಪುಸ್ತಕ ಬಹುಮಾನಗಳೂ ಪ್ರಥಮ ಮುದ್ರಣವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಒಮ್ಮೆ ನಿಮ್ಮ ಪ್ರಕಾಶನದ ಹೆಸರಿನಲ್ಲಿ ಹೊರಬಂದ ಪುಸ್ತಕವನ್ನು ಕೈಗೆತ್ತಿಕೊಳ್ಳುವ ಪ್ರಕಾಶಕರಿಗೆ ಈ ಎರಡು ದಾರಿಗಳೂ ಮುಚ್ಚಿರುತ್ತವೆ. ಅವರು ಕೇವಲ ಅಂಗಡಿಯ ಮಾರಾಟವನ್ನೇ ನೆಚ್ಚಬೇಕು, ಮತ್ತು ನಿಮ್ಮ ಪರಿಚಯದ ಓದುಗರು ಆ ಪುಸ್ತಕವನ್ನು ಆಗಲೇ ಕೊಂಡಿರುತ್ತಾರೆ.

ಹಾಗಾಗಿ ಪ್ರಕಾಶಕರ ಬಳಿಗೆ ಹೊಸ ಹಸ್ತಪ್ರತಿಯನ್ನು ಒಯ್ಯಿರಿ, ಹಳೆಯ ಪುಸ್ತಕವನ್ನು ಅದರ ಜೊತೆಗೆ ಸಾಕ್ಷಿಯಾಗಿ ಮಾತ್ರ ಇಡಿ. ನೀವು ಬರೆದು ಮುಗಿಸಬಲ್ಲಿರಿ, ಪುಸ್ತಕದ ಪರವಾಗಿ ನಾಲ್ಕು ಕಡೆ ಹೋಗಿ ಮಾತನಾಡಬಲ್ಲಿರಿ, ನಿಮಗೆ ಒಂದಿಷ್ಟು ಓದುಗರಿದ್ದಾರೆ ಎಂಬುದನ್ನು ಆ ಪುಸ್ತಕ ಹೇಳುತ್ತದೆ. ಇದಕ್ಕೆ ಅಪವಾದಗಳೂ ಇವೆ. ಹಳೆಯ ಪುಸ್ತಕದ ಪ್ರತಿಗಳು ಮುಗಿದು, ಅಂಗಡಿಯವರೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಅಥವಾ ಅದು ಪಠ್ಯಕ್ರಮಕ್ಕೋ ಸ್ಪರ್ಧಾತ್ಮಕ ಪರೀಕ್ಷೆಗೋ ಅಡುಗೆಗೋ ಆರೋಗ್ಯಕ್ಕೋ ಸಂಬಂಧಿಸಿದ್ದು ವರ್ಷವರ್ಷವೂ ಹೊಸ ಓದುಗರನ್ನು ಪಡೆಯುವಂಥದ್ದಾಗಿದ್ದರೆ, ಪ್ರಕಾಶಕರು ಅದನ್ನು ಪರಿಷ್ಕೃತ ಆವೃತ್ತಿಯಾಗಿ ತರಲು ಒಪ್ಪಬಹುದು. ಪರಿಷ್ಕೃತ ಎಂದರೆ ನಿಜಕ್ಕೂ ಪರಿಷ್ಕೃತವಾಗಿರಬೇಕು. ಹೊಸ ಮುನ್ನುಡಿಯೊಂದನ್ನು ಬರೆಸಿ ಹಳೆಯ ಪುಟಗಳನ್ನೇ ಒಪ್ಪಿಸುವುದನ್ನು ಅನುಭವಿ ಪ್ರಕಾಶಕರು ಪುಟ ತಿರುವಿದೊಡನೆ ಗುರುತಿಸುತ್ತಾರೆ. ಮೂರು ಭಾಗಗಳ ಕಾದಂಬರಿಯ ಮೊದಲ ಭಾಗವನ್ನು ನೀವೇ ಪ್ರಕಟಿಸಿ ಎರಡನೆಯದನ್ನು ಮಾತ್ರ ಬೇರೆಯವರಿಗೆ ಕೊಡುವುದೂ ಕಷ್ಟದ ಕೆಲಸ. ಅಂತಹ ಸಂದರ್ಭದಲ್ಲಿ ಮೂರನ್ನೂ ಒಟ್ಟಿಗೆ ಕೊಡುವ ಮಾತನಾಡಬೇಕು, ಇಲ್ಲವೇ ಸರಣಿಯನ್ನು ನೀವೇ ಮುಗಿಸಿ ಬೇರೆ ಕೃತಿಯೊಂದಿಗೆ ಅವರ ಬಳಿಗೆ ಹೋಗಬೇಕು.

ಚೊಚ್ಚಲ ಕೃತಿಗೆ ಮೀಸಲಾದ ಅವಕಾಶಗಳ ಬಗ್ಗೆ ಇಲ್ಲೇ ಒಂದು ಮಾತು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಮೊದಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಛಂದ ಪುಸ್ತಕವು ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿ ಬಹುಮಾನಿತ ಸಂಕಲನವನ್ನು ತಾನೇ ಪ್ರಕಟಿಸುತ್ತದೆ. ಸ್ವಂತ ಖರ್ಚಿನಲ್ಲಿ ಪುಸ್ತಕ ತಂದವರಿಗೆ ಇಂತಹ ಬಾಗಿಲುಗಳು ಕಿರಿದಾಗಿರಬಹುದು, ಆದರೆ ಎಲ್ಲ ಕಡೆಯೂ ಮುಚ್ಚಿರುತ್ತವೆ ಎಂದೇನಿಲ್ಲ. ‘ಮೊದಲ ಕೃತಿ’ ಎಂದರೆ ಲೇಖಕರ ಮೊದಲ ಪುಸ್ತಕವೇ, ಆ ಪ್ರಕಾರದ ಮೊದಲ ಪುಸ್ತಕವೇ ಎಂಬುದನ್ನು ಆಯಾ ಪ್ರಕಟಣೆಯಲ್ಲಿ ಓದಿ ತಿಳಿಯಬೇಕು. ಕವನ ಸಂಕಲನ ತಂದಿರುವವರು ಕಥೆಗಳ ಹಸ್ತಪ್ರತಿಯನ್ನು ಕಳುಹಿಸಲು ಸಾಧ್ಯವಾಗಬಹುದು. ಹಿಂದಿನ ಪುಸ್ತಕವನ್ನು ಮರೆಮಾಚಿ ಅರ್ಜಿ ಹಾಕುವುದು ಮಾತ್ರ ಕೂಡದು. ಕನ್ನಡ ಪುಸ್ತಕಲೋಕ ಬಹಳ ಚಿಕ್ಕದು.

ಹಳೆಯ ಪ್ರಕಾಶನದ ಲೆಕ್ಕ

ಪ್ರಕಾಶಕರು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಹಿಂದಿನದು ಎಷ್ಟು ಪ್ರತಿ ಖರ್ಚಾಯಿತು?’ ಎಂಬುದು ಇದ್ದೇ ಇರುತ್ತದೆ. ಇದಕ್ಕೆ ಒಂದೇ ಸಂಖ್ಯೆಯಲ್ಲಿ ಉತ್ತರ ಕೊಡುವುದಕ್ಕಿಂತ ವಿಂಗಡಿಸಿದ ಲೆಕ್ಕವನ್ನು ಕೊಡುವುದು ಒಳ್ಳೆಯದು. ಒಟ್ಟು ಅಚ್ಚಾದ ಪ್ರತಿಗಳೆಷ್ಟು, ಬಿಡುಗಡೆಯ ದಿನ ಮಾರಾಟವಾದುವೆಷ್ಟು, ಗೌರವ ಪ್ರತಿಯಾಗಿ ಹಂಚಿದವೆಷ್ಟು, ಅಂಗಡಿಗಳಿಗೆ ಕೊಟ್ಟು ಹಣ ಬಂದವೆಷ್ಟು, ಅಂಚೆಯ ಮೂಲಕ ಓದುಗರಿಗೆ ನೇರವಾಗಿ ಕಳುಹಿಸಿದವೆಷ್ಟು, ಗ್ರಂಥಾಲಯಕ್ಕೆ ಹೋದವೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇವುಗಳಲ್ಲಿ ಪ್ರಕಾಶಕರಿಗೆ ಹೆಚ್ಚು ಬೆಲೆಯುಳ್ಳದ್ದು ಪರಿಚಯವಿಲ್ಲದ ಓದುಗರು ಹಣ ಕೊಟ್ಟು ಕೊಂಡ ಪ್ರತಿಗಳ ಲೆಕ್ಕ. ಅದು ಚಿಕ್ಕ ಸಂಖ್ಯೆಯಾಗಿದ್ದರೂ ನಾಚಬೇಕಾಗಿಲ್ಲ. ಸಾವಿರ ಪ್ರತಿ ಖರ್ಚಾಯಿತೆಂದು ಹೇಳಿ, ಅವುಗಳಲ್ಲಿ ಬಹುಪಾಲು ಮದುವೆ ಗೃಹಪ್ರವೇಶಗಳಲ್ಲಿ ಹಂಚಿದವು ಎಂಬುದು ಆಮೇಲೆ ತಿಳಿದರೆ ನಂಬಿಕೆ ಹೋಗುತ್ತದೆ.

ಎರಡನೆಯದು ಹಕ್ಕು. ಮುದ್ರಣಾಲಯಕ್ಕೆ ಹಣ ಕೊಟ್ಟು ಅಚ್ಚು ಹಾಕಿಸಿದ್ದರೆ ಹಕ್ಕು ನಿಮ್ಮಲ್ಲೇ ಉಳಿದಿರುತ್ತದೆ. ಆದರೆ ಬೇಡಿಕೆಗೆ ತಕ್ಕಂತೆ ಪ್ರತಿ ಮುದ್ರಿಸಿ ಕೊಡುವ ಸಂಸ್ಥೆಗಳ ಮೂಲಕ, ಅಥವಾ ಪ್ರಕಟಣೆಯ ಪ್ಯಾಕೇಜು ಮಾರುವವರ ಮೂಲಕ ಪುಸ್ತಕ ತಂದಿದ್ದರೆ, ಅಂದು ಓದದೆ ಒಪ್ಪಿಗೆ ಒತ್ತಿದ ನಿಯಮಗಳನ್ನು ಈಗ ಹುಡುಕಿ ಓದಬೇಕು: ಒಪ್ಪಂದ ಏಕಸ್ವಾಮ್ಯದ್ದೇ, ಎಷ್ಟು ಕಾಲದ್ದು, ಹೊರಬರಲು ಎಷ್ಟು ದಿನ ಮುಂಚೆ ತಿಳಿಸಬೇಕು. ಇಂಗ್ಲಿಷಿನಲ್ಲೂ ಬರೆಯುವ ಬೆಂಗಳೂರಿನ ಲೇಖಕರು ಅಮೆಜಾನ್‌ನ ಕೆಡಿಪಿ ಸೆಲೆಕ್ಟ್ ಯೋಜನೆಗೆ ಇ-ಪುಸ್ತಕವನ್ನು ಸೇರಿಸಿದ್ದರೆ, ಅದು 90 ದಿನಗಳ ಏಕಸ್ವಾಮ್ಯದ ಅವಧಿ ಎಂಬುದನ್ನೂ, ತಾವಾಗಿ ನಿಲ್ಲಿಸದಿದ್ದರೆ ಅದು ಮತ್ತೆ ಮತ್ತೆ ನವೀಕರಣಗೊಳ್ಳಬಲ್ಲದು ಎಂಬುದನ್ನೂ ನೆನಪಿಡಬೇಕು. ಪ್ರತಿಲಿಪಿಯಂತಹ ವೇದಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ, ಆಡಿಯೋ ಸಂಸ್ಥೆಗೆ ಕೊಟ್ಟ ಕಥೆ, ಪತ್ರಿಕೆಯ ವಿಶೇಷಾಂಕದಲ್ಲಿ ಅಚ್ಚಾದ ಲೇಖನ, ಇವೆಲ್ಲವನ್ನೂ ಪಟ್ಟಿ ಮಾಡಿ ಪ್ರಕಾಶಕರಿಗೆ ಮೊದಲೇ ತಿಳಿಸಬೇಕು.

ಹಳೆಯ ಪುಸ್ತಕದ ಪರಿಷ್ಕೃತ ಆವೃತ್ತಿಯ ಮಾತುಕತೆ ನಡೆಯುತ್ತಿದ್ದರೆ ಬೇರೆಯವರ ಹಕ್ಕುಗಳೂ ಎದುರಾಗುತ್ತವೆ. ಮುನ್ನುಡಿಯ ಹಕ್ಕು ಅದನ್ನು ಬರೆದವರದು. ಮುಖಪುಟದ ಚಿತ್ರವನ್ನು ಸ್ನೇಹಕ್ಕಾಗಿ ಬರೆದುಕೊಟ್ಟ ಕಲಾವಿದರು ಅದನ್ನು ನಿಮ್ಮ ಐನೂರು ಪ್ರತಿಗಳ ಮುದ್ರಣಕ್ಕೆ ಕೊಟ್ಟರೇ ಹೊರತು ಇನ್ನೊಬ್ಬರ ವ್ಯಾಪಾರಕ್ಕಲ್ಲ. ಇವರೆಲ್ಲರಿಂದ ಒಂದೊಂದು ಸಾಲಿನ ಲಿಖಿತ ಒಪ್ಪಿಗೆ ಪಡೆದರೆ ಮುಂದೆ ಮುಜುಗರವಿರುವುದಿಲ್ಲ.

ಪ್ರತಿ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ ವಿಷಯದಲ್ಲಿ ಅನೇಕರಿಗೆ ಗೊಂದಲವಿದೆ. ಭಾರತದಲ್ಲಿ ಈ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಸಂಖ್ಯೆಯ ಒಂದು ಭಾಗವು ಪ್ರಕಾಶಕರನ್ನೇ ಸೂಚಿಸುತ್ತದೆ. ಆದ್ದರಿಂದ ನಿಮ್ಮ ಹೆಸರಿನಲ್ಲಿ ಪಡೆದ ಸಂಖ್ಯೆಯನ್ನು ಹೊಸ ಪ್ರಕಾಶಕರ ಆವೃತ್ತಿಗೆ ಹಾಕುವಂತಿಲ್ಲ. ಅವರು ತಮ್ಮದನ್ನು ಹಾಕುತ್ತಾರೆ. ಹಳೆಯ ಮುದ್ರಣದ ವಿವರಗಳು ಆನ್‌ಲೈನ್ ಅಂಗಡಿಗಳ ಪುಟಗಳಲ್ಲಿ ಹಾಗೆಯೇ ಉಳಿದುಕೊಳ್ಳುವುದುಂಟು. ಅಲ್ಲಿ ಅದು ಅಲಭ್ಯ ಎಂದು ಕಾಣುವಂತೆ ಮಾಡಿಸುವುದು ನಿಮ್ಮ ಕೆಲಸ.

ಇನ್ನು ಮನೆಯಲ್ಲಿ ಉಳಿದಿರುವ ಕಟ್ಟುಗಳು. ಹೊಸ ಆವೃತ್ತಿ ಬರುವುದಾದರೆ ಹಳೆಯ ಪ್ರತಿಗಳ ಸಂಖ್ಯೆಯನ್ನು ಪ್ರಕಾಶಕರಿಗೆ ತಿಳಿಸಿ, ಅವುಗಳ ಮಾರಾಟವನ್ನು ನಿಲ್ಲಿಸುವ ದಿನವನ್ನು ಇಬ್ಬರೂ ಕೂತು ಗೊತ್ತುಪಡಿಸಿಕೊಳ್ಳಬೇಕು. ಉಳಿದವನ್ನು ಸರ್ಕಾರಿ ಶಾಲೆಗಳಿಗೋ ಬಡಾವಣೆಯ ವಾಚನಾಲಯಗಳಿಗೋ ಕೊಡಬಹುದು. ಅಂದ ಹಾಗೆ, 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪುಸ್ತಕ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ ಮತ್ತು ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಪ್ರಕಾಶಕರು ಪ್ರತಿ ಕಳುಹಿಸಬೇಕು. ನೀವೇ ಪ್ರಕಾಶಕರಾಗಿದ್ದಾಗ ಆ ಹೊಣೆ ನಿಮ್ಮದೇ ಆಗಿತ್ತು. ಕಳುಹಿಸಿರದಿದ್ದರೆ ಮೊದಲ ಕಟ್ಟನ್ನು ಅದಕ್ಕಾಗಿ ಬಿಚ್ಚಿ.

ಪ್ರಕಾಶಕರನ್ನು ಆರಿಸುವುದು

ಬೆಂಗಳೂರಿನಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಇಲ್ಲಿನ ಹಲವು ಕನ್ನಡ ಪ್ರಕಾಶಕರು ಪುಸ್ತಕದಂಗಡಿಯನ್ನೂ ನಡೆಸುತ್ತಾರೆ. ಗಾಂಧಿನಗರದ ಸಪ್ನ, ಗಾಂಧಿ ಬಜಾರಿನ ಅಂಕಿತ, ಬಳೇಪೇಟೆಯ ಸಾಹಿತ್ಯ ಭಂಡಾರ, ನವಕರ್ನಾಟಕದ ಮಳಿಗೆಗಳು, ಇವುಗಳಲ್ಲಿ ಒಂದೊಂದರಲ್ಲಿ ಅರ್ಧ ದಿನ ಕಳೆದರೆ ಯಾರು ಏನನ್ನು ಪ್ರಕಟಿಸುತ್ತಾರೆ ಎಂಬುದು ಯಾವ ಪಟ್ಟಿಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಹಸ್ತಪ್ರತಿಯ ಜಾತಿಗೆ ಸೇರಿದ ಹತ್ತು ಹೊಸ ಪುಸ್ತಕಗಳನ್ನು ಕೈಗೆತ್ತಿಕೊಂಡು ಹಕ್ಕುಗಳ ವಿವರವಿರುವ ಪುಟವನ್ನು ಓದಿ. ಹಕ್ಕು ಲೇಖಕರ ಹೆಸರಿನಲ್ಲಿದೆಯೇ ಪ್ರಕಾಶಕರ ಹೆಸರಿನಲ್ಲಿದೆಯೇ, ಎಷ್ಟನೆಯ ಮುದ್ರಣ, ಕಾಗದ ಎಂತಹುದು, ಕರಡು ತಿದ್ದಿದವರ ಹೆಸರಿದೆಯೇ, ಪುಟಗಳಿಗೆ ಹೋಲಿಸಿದರೆ ಮುಖಬೆಲೆ ಎಷ್ಟು, ಇವನ್ನೆಲ್ಲ ಆ ಒಂದೆರಡು ಪುಟಗಳೇ ಹೇಳುತ್ತವೆ. ಒಂದು ಪ್ರಕಾಶನದ ಪುಸ್ತಕಗಳಲ್ಲಿ ಎರಡನೆಯ ಮೂರನೆಯ ಮುದ್ರಣಗಳು ಕಾಣುತ್ತಿದ್ದರೆ ಅವರು ಓದುಗರಿಗೆ ಮಾರುತ್ತಿದ್ದಾರೆ. ಸಾಲುಸಾಲು ಪ್ರಥಮ ಮುದ್ರಣಗಳೇ ಇದ್ದರೆ ಅವರ ಕಣ್ಣು ಹೆಚ್ಚಾಗಿ ಸಗಟು ಖರೀದಿಯ ಮೇಲಿರಬಹುದು. ಎರಡನೆಯದು ತಪ್ಪೇನಲ್ಲ, ಆದರೆ ನಿಮಗೆ ಬೇಕಾದುದು ಅದೇ ಹೌದೇ ಎಂಬುದನ್ನು ಕೇಳಿಕೊಳ್ಳಬೇಕು.

ಅಂಗಡಿಯಲ್ಲಿ ಕೆಲಸ ಮಾಡುವವರೊಡನೆ ಮಾತನಾಡಿ. ಯಾವ ಪ್ರಕಾಶನದ ಪುಸ್ತಕ ಬೇಗ ಬರುತ್ತದೆ, ಮುಗಿದಾಗ ಯಾರು ತಕ್ಷಣ ಕಳುಹಿಸುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಲೇಖಕರು ಬೆಂಗಳೂರಿನ ಪ್ರಕಾಶಕರನ್ನೇ ಹುಡುಕಬೇಕೆಂದೇನೂ ಇಲ್ಲ. ಧಾರವಾಡದ ಮನೋಹರ ಗ್ರಂಥಮಾಲಾ, ಹೆಗ್ಗೋಡಿನ ಅಕ್ಷರ ಪ್ರಕಾಶನದಂತಹ ಸಂಸ್ಥೆಗಳು ಊರಿನ ದೂರವನ್ನು ಲೆಕ್ಕಿಸದೆ ತಮ್ಮದೇ ಅಭಿರುಚಿಯ ಓದುಗರನ್ನು ಕಟ್ಟಿಕೊಂಡಿವೆ. ಇಂಗ್ಲಿಷ್ ಪ್ರಕಟಣೆಯಲ್ಲಿ ಕಾಣುವ ಲೇಖಕರ ಏಜೆಂಟರ ಪದ್ಧತಿ ಕನ್ನಡದಲ್ಲಿ ಬೆಳೆದಿಲ್ಲ. ಪ್ರಕಾಶಕರೊಡನೆ ನೀವೇ ಮಾತನಾಡಬೇಕು, ಅಥವಾ ಇಬ್ಬರಿಗೂ ಪರಿಚಿತರಾದ ಹಿರಿಯ ಲೇಖಕರೊಬ್ಬರು ಒಂದು ಮಾತು ಹೇಳಬೇಕು. ಶಿಫಾರಸು ಬಾಗಿಲನ್ನು ತೆರೆಯಬಲ್ಲದು. ಹಸ್ತಪ್ರತಿಯನ್ನು ಓದಿಸುವುದು ಅದರ ಮೊದಲ ಹತ್ತು ಪುಟಗಳೇ.

ಭೇಟಿಯ ಕಾಲವನ್ನೂ ನೋಡಿಕೊಳ್ಳಿ. ನವೆಂಬರ್ ತಿಂಗಳು ರಾಜ್ಯೋತ್ಸವದ ರಿಯಾಯಿತಿ ಮಾರಾಟದಲ್ಲಿ ಮುಳುಗಿಹೋಗುತ್ತದೆ. ವರ್ಷದ ಕೊನೆಯಲ್ಲಿ ಆ ವರ್ಷದ ಇಸವಿ ಹಾಕಿ ಪುಸ್ತಕ ಹೊರತರುವ ಅವಸರ ಮುದ್ರಣಾಲಯದಿಂದ ಹಿಡಿದು ಬೈಂಡಿಂಗ್ ಮಾಡುವವರವರೆಗೆ ಎಲ್ಲರನ್ನೂ ಓಡಿಸುತ್ತಿರುತ್ತದೆ. ಫೆಬ್ರವರಿಯಿಂದ ಜೂನ್‌ವರೆಗೆ ಹಸ್ತಪ್ರತಿ ತಲುಪಿದರೆ ಅದನ್ನು ನಿಧಾನವಾಗಿ ಓದುವ ಸಾಧ್ಯತೆ ಹೆಚ್ಚು.

ಹಸ್ತಪ್ರತಿ ಮತ್ತು ಪತ್ರ

ಹಸ್ತಪ್ರತಿಯು ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿಯ ಅಕ್ಷರಗಳಲ್ಲಿ ಪೇಜ್‌ಮೇಕರ್‌ನಲ್ಲಿ ಕೂಡಿಸಿದ ಕಡತಗಳೇ ಅನೇಕರ ಬಳಿ ಇರುತ್ತವೆ. ಅವನ್ನು ಪರಿವರ್ತಕದಲ್ಲಿ ಹಾಕಿದಾಗ ಅರ್ಕಾವೊತ್ತು ಸ್ಥಾನ ಬದಲಿಸುತ್ತದೆ, ಒತ್ತಕ್ಷರಗಳು ಕಳಚಿಕೊಳ್ಳುತ್ತವೆ, ಅಂಕಿಗಳು ಚಿಹ್ನೆಗಳಾಗುತ್ತವೆ. ಇದನ್ನು ಪರಿವರ್ತಿಸಿ ಒಮ್ಮೆ ಪೂರ್ತಿ ಓದಿ ತಿದ್ದಿದ ಮೇಲೆಯೇ ಕಳುಹಿಸಿ, ಏಕೆಂದರೆ ಮುದ್ರಣಕ್ಕಲ್ಲದಿದ್ದರೂ ಇ-ಪುಸ್ತಕಕ್ಕೆ ಯೂನಿಕೋಡ್ ಬೇಕೇಬೇಕು. ಪುಟವಿನ್ಯಾಸ ಮಾಡಿದ ಪಿಡಿಎಫ್, ತಾವೇ ಮಾಡಿಸಿದ ಮುಖಪುಟ, ಆಗಲೇ ಬರೆಸಿಟ್ಟ ಮುನ್ನುಡಿ ಮತ್ತು ಬೆನ್ನುಡಿ, ಇವನ್ನೆಲ್ಲ ಜೋಡಿಸಿ ಕಳುಹಿಸುವುದು ಸ್ವಂತ ಪ್ರಕಟಣೆಯಿಂದ ಬಂದವರಲ್ಲಿ ಬಹಳ ಸಾಮಾನ್ಯ. ಸಂಪಾದನೆಗೆ ಜಾಗವೇ ಇಲ್ಲವೆಂಬ ಭಾವನೆಯನ್ನು ಅದು ಪ್ರಕಾಶಕರಲ್ಲಿ ಮೂಡಿಸುತ್ತದೆ. ಸರಳವಾಗಿ ಬೆರಳಚ್ಚು ಮಾಡಿದ, ಪುಟಸಂಖ್ಯೆಯಿರುವ ಕಡತ ಸಾಕು.

ಜೊತೆಗಿರುವ ಪತ್ರ ಒಂದು ಪುಟವನ್ನು ಮೀರಬಾರದು. ಮಾದರಿಗಾಗಿ ಹೀಗೆ ಬರೆಯಬಹುದು:

‘ಮಾನ್ಯರೇ, ನಮಸ್ಕಾರಗಳು. ಇದರೊಂದಿಗೆ ನನ್ನ ಹೊಸ ಕಾದಂಬರಿಯ ಹಸ್ತಪ್ರತಿಯನ್ನು ತಮ್ಮ ಪರಿಶೀಲನೆಗಾಗಿ ಕಳುಹಿಸಿದ್ದೇನೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ದುಡಿಯುವ ಮೂವರು ಹೆಣ್ಣುಮಕ್ಕಳ ಕಥೆ ಇದು. ಸುಮಾರು 50,000 ಪದಗಳಿವೆ. ಹಿಂದೆ ಎಲ್ಲಿಯೂ ಪ್ರಕಟವಾಗಿಲ್ಲ. ತಾವು ದುಡಿಮೆಯ ಬದುಕನ್ನು ಕುರಿತ ಕಾದಂಬರಿಗಳನ್ನು ಪ್ರಕಟಿಸಿರುವುದನ್ನು ಗಮನಿಸಿ ಇದನ್ನು ಮೊದಲು ತಮಗೆ ಕಳುಹಿಸುತ್ತಿದ್ದೇನೆ. ಈ ಹಿಂದೆ ಒಂದು ಕಥಾಸಂಕಲನವನ್ನು ನಾನೇ ಪ್ರಕಟಿಸಿದ್ದು, ಅದರ ಮಾರಾಟದ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದ್ದೇನೆ. ತಮ್ಮ ಸಲಹೆಯಂತೆ ತಿದ್ದಲು ಸಿದ್ಧನಿದ್ದೇನೆ.’

ಕೊನೆಯ ವಾಕ್ಯವನ್ನು ಮನಸ್ಸಿದ್ದರೆ ಮಾತ್ರ ಬರೆಯಿರಿ. ಒಂದೇ ಸಲಕ್ಕೆ ಹಲವರಿಗೆ ಕಳುಹಿಸುವುದಾದರೆ ಅದನ್ನು ಪತ್ರದಲ್ಲಿ ತಿಳಿಸುವುದು ಸೌಜನ್ಯ. ಕನ್ನಡದ ಮಟ್ಟಿಗೆ ಒಬ್ಬರಿಗೆ ಕೊಟ್ಟು ಮೂರು ತಿಂಗಳು ಕಾದು, ವಿನಯದಿಂದ ವಿಚಾರಿಸಿ, ಬಳಿಕ ಮುಂದಕ್ಕೆ ಹೋಗುವುದೇ ಸರಿಯೆನಿಸುತ್ತದೆ. ಕಳುಹಿಸಿದ ದಿನಾಂಕ ದಾಖಲಾಗುವಂತೆ ಇ-ಮೇಲ್ ಮೂಲಕವೇ ಕಳುಹಿಸಿ, ಮುದ್ರಿತ ಪ್ರತಿ ಕೇಳಿದರೆ ಆಮೇಲೆ ಕೊಡಿ.

ಹಣ ಮತ್ತು ಒಪ್ಪಂದ

ಪ್ರಕಾಶಕರು ಒಪ್ಪಿಗೆ ಸೂಚಿಸಿದಾಗ ಮೊದಲು ತಿಳಿಯಬೇಕಾದುದು ಬಂಡವಾಳ ಯಾರದು ಎಂಬುದನ್ನು. ‘ಪುಸ್ತಕ ಮಾಡೋಣ, ತಾವು ಮುನ್ನೂರು ಪ್ರತಿ ಕೊಂಡುಕೊಂಡರೆ ಸಾಕು’, ‘ಕಾಗದದ ಖರ್ಚು ಮಾತ್ರ ತಮ್ಮದು’, ‘ಬಿಡುಗಡೆ ಸಮಾರಂಭದ ವೆಚ್ಚ ತಾವು ನೋಡಿಕೊಳ್ಳಿ’ ಎಂಬ ಮಾತುಗಳು ಬಂದರೆ, ಅದು ಬೇರೆಯವರ ಹೆಸರಿನಲ್ಲಿ ನಡೆಯುವ ಸ್ವಂತ ಪ್ರಕಟಣೆಯೇ. ಕೆಲವೊಮ್ಮೆ, ವಿಶೇಷವಾಗಿ ಕವನ ಸಂಕಲನಗಳ ವಿಷಯದಲ್ಲಿ, ಪ್ರಕಾಶಕರ ಕಷ್ಟವೂ ನಿಜವಾದುದೇ. ಆದರೂ ಹಣ ಹಾಕುವವರು ನೀವಾದರೆ ಲಾಭದ ಹಂಚಿಕೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕು. ನೀವು ಈ ಮೊದಲೇ ಪುಸ್ತಕ ಅಚ್ಚು ಹಾಕಿಸಿದವರು. ಫಾರಮ್ಮಿಗೆ ಎಷ್ಟು, 1/8 ಡೆಮಿ ಆಕಾರದ 160 ಪುಟ ಎಂದರೆ 16 ಪುಟಗಳ ಹತ್ತು ಫಾರಂ, ಅದಕ್ಕೆ ತಗಲುವ ಕಾಗದ ಮತ್ತು ಮುದ್ರಣದ ವೆಚ್ಚ ಎಷ್ಟು ಎಂಬುದು ನಿಮಗೆ ತಿಳಿದಿದೆ. ಮೊದಲ ಸಲ ಬರೆಯುವವರಿಗಿಲ್ಲದ ಈ ತಿಳಿವಳಿಕೆಯನ್ನು ಇಲ್ಲಿ ಬಳಸಿಕೊಳ್ಳಿ.

ಬಂಡವಾಳ ಪೂರ್ತಿ ಪ್ರಕಾಶಕರದೇ ಆದಾಗ ಲೇಖಕರಿಗೆ ದೊರೆಯುವ ರಾಯಧನ ಸಾಮಾನ್ಯವಾಗಿ ಮುಖಬೆಲೆಯ ಶೇ. 10ರ ಆಸುಪಾಸಿನಲ್ಲಿರುತ್ತದೆ. ಸ್ವತಃ ಮಾರಿದಾಗ ಪ್ರತಿಯೊಂದಕ್ಕೆ ಸಿಗುತ್ತಿದ್ದ ಹಣಕ್ಕೆ ಹೋಲಿಸಿ ಇದನ್ನು ಅಲ್ಪವೆಂದುಕೊಳ್ಳುವ ಮುನ್ನ, ಅಂಗಡಿಯವರಿಗೆ ಬಿಡುವ ರಿಯಾಯಿತಿ, ಸಾಗಣೆ, ಗೋದಾಮು, ಮಾರಾಟವಾಗದೆ ಹಿಂತಿರುಗುವ ಪ್ರತಿಗಳು ಮತ್ತು ತಡವಾಗಿ ಬರುವ ಸರ್ಕಾರಿ ಬಿಲ್ಲಿನ ಭಾರವನ್ನು ಕಳೆದು ನೋಡಬೇಕು. ಕೆಲವು ಪ್ರಕಾಶಕರು ರಾಯಧನದ ಬದಲು ಒಮ್ಮೆಗೇ ಗೌರವಧನ ಕೊಡುತ್ತಾರೆ, ಇನ್ನು ಕೆಲವರು ಹಣಕ್ಕೆ ಬದಲಾಗಿ ಪ್ರತಿಗಳನ್ನೇ ಕೊಡುತ್ತಾರೆ. ಒಮ್ಮೆಗೇ ಹಣ ಪಡೆಯುವುದಾದರೆ ಅದು ಎಷ್ಟು ಪ್ರತಿಗಳ ಯಾವ ಮುದ್ರಣಕ್ಕೆ ಎಂಬುದನ್ನು ಬರೆಸಿಕೊಳ್ಳದೆ ಬಿಡಬೇಡಿ. ಸಗಟು ಖರೀದಿಯ ಪ್ರತಿಗಳಿಗೂ ರಾಯಧನ ಉಂಟೇ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು, ಏಕೆಂದರೆ ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಒಪ್ಪಂದ ಲಿಖಿತವಾಗಿರಬೇಕು. ಕನ್ನಡದಲ್ಲಿ ಕಾಫಿ ಕುಡಿಯುತ್ತಾ ಮಾತಿನಲ್ಲೇ ಮುಗಿಸುವ ರೂಢಿ ಇನ್ನೂ ಇದೆ, ಅದು ಪರಸ್ಪರ ವಿಶ್ವಾಸದ ಗುರುತೆಂದು ಹೇಳುವವರೂ ಇದ್ದಾರೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಪ್ರಕರಣದ ಪ್ರಕಾರ ಹಕ್ಕಿನ ವರ್ಗಾವಣೆಯು ಲಿಖಿತವಾಗಿದ್ದು, ವರ್ಗಾಯಿಸುವವರು ಅಥವಾ ಅವರ ಅಧಿಕೃತ ಪ್ರತಿನಿಧಿ ಅದಕ್ಕೆ ಸಹಿ ಹಾಕಿದ್ದರೆ ಮಾತ್ರ ಸಿಂಧು. ಅದರಲ್ಲಿ ಕೃತಿ ಯಾವುದು, ಯಾವ ಯಾವ ಹಕ್ಕುಗಳು, ಎಷ್ಟು ಅವಧಿಗೆ, ಯಾವ ಪ್ರದೇಶಕ್ಕೆ, ರಾಯಧನ ಎಷ್ಟು ಎಂಬುದು ಸ್ಪಷ್ಟವಾಗಿರಬೇಕು. ಅವಧಿಯನ್ನು ಬರೆದಿಲ್ಲವಾದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆದಿಲ್ಲವಾದರೆ ಭಾರತವೆಂದೂ ಕಾಯ್ದೆ ಭಾವಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲದ ಪಕ್ಷದಲ್ಲಿ, ಆ ಹಕ್ಕಿನ ವರ್ಗಾವಣೆ ಕೊನೆಗೊಳ್ಳುತ್ತದೆ. ಆದ್ದರಿಂದ ಒಪ್ಪಂದದಲ್ಲಿ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲು ಕಂಡರೆ ಅದನ್ನು ಹೊಡೆದುಹಾಕಿ, ಕನ್ನಡ ಮುದ್ರಣದ ಹಕ್ಕನ್ನು ಐದು ವರ್ಷಕ್ಕೆ ಅಥವಾ ಒಂದು ಮುದ್ರಣಕ್ಕೆ ಎಂದು ಬರೆಯಲು ಕೇಳಿ. ಅನುವಾದ, ಆಡಿಯೋ, ಸಿನಿಮಾ ಮತ್ತು ಇ-ಪುಸ್ತಕದ ಹಕ್ಕುಗಳನ್ನು ಒಂದೊಂದಾಗಿ ಮಾತನಾಡಬೇಕು. ಅವುಗಳನ್ನು ಬಳಸುವ ಯೋಜನೆ ಪ್ರಕಾಶಕರಿಗೆ ಇಲ್ಲದಿದ್ದರೆ ಅವು ನಿಮ್ಮಲ್ಲೇ ಉಳಿಯಲಿ. ಲೇಖಕರ ಹೆಸರನ್ನು ಅಳಿಸದಂತೆ, ಕೃತಿಯನ್ನು ಗೌರವಕ್ಕೆ ಕುಂದಾಗುವ ಹಾಗೆ ವಿರೂಪಗೊಳಿಸದಂತೆ ತಡೆಯುವ 57ನೇ ಪ್ರಕರಣದ ವಿಶೇಷ ಹಕ್ಕು ಮಾತ್ರ ಹಕ್ಕು ವರ್ಗಾವಣೆಯ ನಂತರವೂ ಲೇಖಕರಲ್ಲಿ ಉಳಿದಿರುತ್ತದೆ.

ಹಕ್ಕು ಮರಳಿ ಬರುವ ಷರತ್ತನ್ನು ನಾನು ಇವೆಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಪ್ರತಿಗಳು ಮುಗಿದು, ನೀವು ಲಿಖಿತವಾಗಿ ಕೇಳಿದ ಆರು ತಿಂಗಳೊಳಗೆ ಮರುಮುದ್ರಣವಾಗದಿದ್ದರೆ ಹಕ್ಕು ನಿಮಗೆ ಮರಳಬೇಕು. ಪ್ರಕಾಶನವೇ ನಿಂತುಹೋದರೂ ಮರಳಬೇಕು. 2022ರ ಫೆಬ್ರವರಿಯಲ್ಲಿ ಅಮೆಜಾನ್ ತನ್ನ ಒಡೆತನದಲ್ಲಿದ್ದ ವೆಸ್ಟ್‌ಲ್ಯಾಂಡ್ ಪ್ರಕಾಶನವನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ದೇಶದ ಪ್ರಸಿದ್ಧ ಲೇಖಕರೂ ತಮ್ಮ ಪುಸ್ತಕಗಳ ಗತಿಯೇನೆಂದು ಚಿಂತಿಸಬೇಕಾಯಿತು. ಅದೇ ವರ್ಷ ಆ ತಂಡ ಬೆಂಗಳೂರಿನ ಪ್ರತಿಲಿಪಿಯೊಡನೆ ಸೇರಿ ಮತ್ತೆ ಕೆಲಸ ಆರಂಭಿಸಿತು. ಅಷ್ಟು ದೊಡ್ಡ ಸಂಸ್ಥೆಯ ವಿಷಯದಲ್ಲೇ ಹೀಗಾಗಬಹುದಾದರೆ, ಒಬ್ಬರ ಆರೋಗ್ಯ ಮತ್ತು ಉತ್ಸಾಹದ ಮೇಲೆ ನಿಂತಿರುವ ಸಣ್ಣ ಕನ್ನಡ ಪ್ರಕಾಶನಗಳ ಒಪ್ಪಂದದಲ್ಲಿ ಆ ಸಾಲು ಇರಲೇಬೇಕು.

ಮುಂದಿನ ಕೃತಿಗಳನ್ನೂ ತಮಗೇ ಕೊಡಬೇಕೆಂಬ ಷರತ್ತಿದ್ದರೆ ಅದನ್ನು ‘ಮೊದಲು ತೋರಿಸಬೇಕು’ ಎಂಬ ಮಟ್ಟಕ್ಕೆ ಇಳಿಸಿ, ಉತ್ತರ ಕೊಡಲು ಗಡುವು ಹಾಕಿಸಿ. ನಿಮ್ಮ ಸ್ವಂತ ಪ್ರಕಾಶನವನ್ನು ಮುಂದುವರಿಸುವ ಮನಸ್ಸಿದ್ದರೆ ಅದನ್ನೂ ಈಗಲೇ ಹೇಳಿಬಿಡುವುದು ಒಳಿತು; ಕೆಲವು ಪುಸ್ತಕಗಳನ್ನು ತಾವೇ ತಂದು, ಕೆಲವನ್ನು ಬೇರೆಯವರಿಗೆ ಕೊಡುವ ಲೇಖಕರು ಕನ್ನಡದಲ್ಲಿ ಬೇಕಾದಷ್ಟಿದ್ದಾರೆ.

ಸಹಿಯ ನಂತರ

ಸಂಪಾದಕರು ತಿದ್ದಿದ ಪ್ರತಿ ಬಂದಾಗ ಒಂದು ವಾರ ಅದಕ್ಕೆ ಉತ್ತರ ಬರೆಯಬೇಡಿ. ಓದಿ, ಬದಿಗಿಟ್ಟು, ಮತ್ತೆ ಓದಿ. ಭಾಷೆಯ ತಿದ್ದುಪಡಿಗಳನ್ನು ಬಹುಪಾಲು ಒಪ್ಪಿಕೊಂಡು, ಪ್ರಾದೇಶಿಕ ನುಡಿಗಟ್ಟನ್ನು ಗ್ರಂಥಸ್ಥ ಭಾಷೆಗೆ ತಿರುಗಿಸಿದಂತಹ ಕಡೆಗಳಲ್ಲಿ ಮಾತ್ರ ಕಾರಣ ಕೊಟ್ಟು ನಿಲ್ಲಬೇಕು. ಮುಖಪುಟ, ಮುಖಬೆಲೆ, ಕಾಗದ, ಬಿಡುಗಡೆಯ ತಿಂಗಳು, ಇವುಗಳ ಕೊನೆಯ ಮಾತು ಇನ್ನು ಪ್ರಕಾಶಕರದು. ಅಭಿಪ್ರಾಯವನ್ನು ಒಮ್ಮೆ ಹೇಳಿ ಸುಮ್ಮನಾಗುವುದು ತಾವೇ ಎಲ್ಲವನ್ನೂ ನಿರ್ಧರಿಸುತ್ತಿದ್ದವರಿಗೆ ಸುಲಭವಲ್ಲ. ಕರಡಚ್ಚಿನ ಕೊನೆಯ ಓದು ಮಾತ್ರ ನಿಮ್ಮದೇ ಆಗಿರಲಿ, ಅದನ್ನು ಯಾರಿಗೂ ಬಿಟ್ಟುಕೊಡಬೇಡಿ.

ನಯನ ಸಭಾಂಗಣದಲ್ಲೋ ಬಸವನಗುಡಿಯ ವಾಡಿಯಾ ಸಭಾಂಗಣದಲ್ಲೋ ಬಿಡುಗಡೆ ನಡೆಯುವುದಾದರೆ, ವೆಚ್ಚ ಯಾರದು, ಅಂದು ಮಾರುವ ಪ್ರತಿಗಳ ಲೆಕ್ಕ ಯಾರದು ಎಂಬುದನ್ನು ಮೊದಲೇ ಮಾತನಾಡಿ. ನೀವು ಇಷ್ಟು ವರ್ಷ ಕೂಡಿಸಿದ ಓದುಗರ ವಿಳಾಸಗಳ ಪಟ್ಟಿ ನಿಮ್ಮಲ್ಲೇ ಇರಲಿ. ಹೊಸ ಪುಸ್ತಕದ ಸುದ್ದಿಯನ್ನು ಆ ಓದುಗರಿಗೆ ನೀವೇ ತಿಳಿಸಿ, ಕೊಳ್ಳಲು ಪ್ರಕಾಶಕರ ಅಂಗಡಿಯ ಕಡೆಗೆ ಕಳುಹಿಸಿ. ಲೇಖಕರಿಗೆ ಸಿಗುವ ರಿಯಾಯಿತಿಯಲ್ಲಿ ಪ್ರತಿಗಳನ್ನು ಕೊಂಡು ಹಿಂದಿನಂತೆಯೇ ಸಭೆಗಳಲ್ಲಿ ಮಾರುವ ಯೋಚನೆಯಿದ್ದರೆ ಅದಕ್ಕೂ ಅವರ ಒಪ್ಪಿಗೆ ಬೇಕು.

ವರ್ಷಕ್ಕೊಮ್ಮೆ, ಆರ್ಥಿಕ ವರ್ಷ ಮುಗಿದ ಮೇಲೆ, ಮಾರಾಟದ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ಅಚ್ಚಾದ ಪ್ರತಿಗಳು, ಮಾರಾಟವಾದ ಪ್ರತಿಗಳು, ಉಳಿದ ದಾಸ್ತಾನು ಮತ್ತು ಮೂಲದಲ್ಲಿ ಕಡಿತವಾದ ತೆರಿಗೆ, ಈ ನಾಲ್ಕೂ ಅದರಲ್ಲಿರಬೇಕು. ಉತ್ತರ ಬಾರದಿದ್ದರೆ ತಿಂಗಳು ಬಿಟ್ಟು ಇನ್ನೊಮ್ಮೆ ಬರೆಯಿರಿ, ಮತ್ತು ಎರಡು ವರ್ಷ ಲೆಕ್ಕವೇ ಬಾರದಿದ್ದಲ್ಲಿ ಮುಂದಿನ ಹಸ್ತಪ್ರತಿಯನ್ನು ಬೇರೆಯವರಿಗೆ ಕಳುಹಿಸಿ.